ಮುಯ್ಯಿ ಸಂಜೆ: ಚಿಕ್ಕ ಮಕ್ಕಳಿರುವ ಗಂಡ–ಹೆಂಡತಿ ಕಡಿಮೆ ಖರ್ಚಿನಲ್ಲಿ ಎರಡು ಗಂಟೆ ಒಟ್ಟಿಗೆ ಕಳೆಯುವುದು ಹೇಗೆ?

"ಹಾಲು ತಂದ್ರಾ?" "ನಾಳೆ ವ್ಯಾನ್ ಬರಲ್ವಂತೆ." "ಚಿಕ್ಕವನಿಗೆ ಔಷಧ ಕೊಟ್ಯಾ?" ಹೋದ ವರ್ಷ ಒಂದು ರಾತ್ರಿ ಮಕ್ಕಳನ್ನು ಮಲಗಿಸಿ ಕೂತಾಗ, ಆ ದಿನವೆಲ್ಲಾ ನಾನೂ ನಮ್ಮನೆಯವರೂ ಆಡಿದ ಮಾತು ಇಷ್ಟೇ ಅಂತ ಹೊಳೆಯಿತು. ಜಗಳವೇನೂ ಇರಲಿಲ್ಲ. ಮನೆ ಚೆನ್ನಾಗಿಯೇ ನಡೀತಿತ್ತು. ಆದರೆ ಮಕ್ಕಳ ಸುದ್ದಿ ಬಿಟ್ಟು ಬೇರೆ ಮಾತಾಡಿ ಎಷ್ಟೋ ವಾರ ಆಗಿತ್ತು. ಆಗ ದೊಡ್ಡವಳಿಗೆ ಐದು ವರ್ಷ, ಚಿಕ್ಕವನಿಗೆ ಎರಡು.

ಈಗ ಹದಿನೈದು ದಿನಕ್ಕೊಂದು ಸಂಜೆ ನಾವಿಬ್ಬರೇ ಕೂರುತ್ತೇವೆ, ಇಲ್ಲವೇ ಹೊರಗೆ ಹೋಗುತ್ತೇವೆ. ಖರ್ಚು 300 ರೂಪಾಯಿ ದಾಟಿದ್ದು ಕಡಿಮೆ. ಎಷ್ಟೋ ಸಲ ಸೊನ್ನೆ. ಹೇಗೆ ಮಾಡಿಕೊಂಡೆವು ಅಂತ ಕೇಳಿದವರಿಗೆಲ್ಲಾ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದಿನ, ಆಮೇಲೆ ಜಾಗ

ಎಲ್ಲರೂ ಮೊದಲು ಕೇಳುವುದು "ಎಲ್ಲಿಗೆ ಹೋಗೋದು?" ಅಂತ. ಅಲ್ಲಿಂದ ಶುರು ಮಾಡಿದರೆ ಹೋಗುವುದೇ ಇಲ್ಲ. ಒಂದು ವಾರ ಮಳೆ, ಇನ್ನೊಂದು ವಾರ ನಾಮಕರಣ, ಮತ್ತೊಂದು ವಾರ ಮಗುವಿಗೆ ನೆಗಡಿ. ಮೊದಲು ದಿನ ಗಟ್ಟಿ ಮಾಡಿ. ಗೋಡೆ ಕ್ಯಾಲೆಂಡರಿನಲ್ಲಿ ಪೆನ್ನಿಂದ ಗುರುತು ಹಾಕಿ.

ನಾವು ಆರಿಸಿದ್ದು ಗುರುವಾರ, ಸಂಜೆ 7ರಿಂದ 9. ಶನಿವಾರ, ಭಾನುವಾರ ನೆಂಟರು ಬರುತ್ತಾರೆ, ಹೋಟೆಲಿನಲ್ಲಿ ಜಾಗ ಸಿಗಲ್ಲ, ರಸ್ತೆಯಲ್ಲೇ ಅರ್ಧ ಸಮಯ ಹೋಗುತ್ತದೆ. ಎರಡು ಗಂಟೆ ಸಾಕಾ ಅಂತ ಮೊದಲು ನನಗೂ ಅನ್ನಿಸಿತ್ತು. ಸಾಕು. ಮೂರು ಗಂಟೆ ಅಂದರೆ ಮಗುವನ್ನು ನೋಡಿಕೊಳ್ಳುವವರಿಗೆ ಭಾರ. ಒಂದು ಗಂಟೆ ಅಂದರೆ ಹೋಗಿ ಬರುವುದರಲ್ಲೇ ಮುಗಿಯುತ್ತದೆ.

ಮಗು ಇನ್ನೂ ಎದೆಹಾಲು ಕುಡಿಯುತ್ತಿದ್ದರೆ ಹೊರಗೆ ಹೋಗುವ ಅವಸರ ಬೇಡ. ಮುಂದೆ ಬರೆದಿರುವ ಮನೆಯ ಸಂಜೆಗಳೇ ಸದ್ಯಕ್ಕೆ ಸರಿ.

ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?

ದುಡ್ಡಿಗಿಂತ ಕಷ್ಟದ ಪ್ರಶ್ನೆ ಇದು. ಇದೊಂದು ಬಗೆಹರಿದರೆ ಉಳಿದದ್ದೆಲ್ಲಾ ಸಲೀಸು. ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಅತ್ತೆ–ಮಾವ ಅಥವಾ ಅಪ್ಪ–ಅಮ್ಮ ಜೊತೆಗಿದ್ದರೆ ನೇರವಾಗಿ ಕೇಳಿ. "ಸ್ವಲ್ಪ ಅಂಗಡಿಗೆ ಹೋಗಿ ಬರ್ತೀವಿ" ಅಂತ ನೆಪ ಹೇಳಬೇಡಿ. ಒಂದು ಸಲ ನಡೆಯುತ್ತದೆ, ಎರಡನೇ ಸಲ ಅವರಿಗೆ ಗೊತ್ತಾಗುತ್ತದೆ, ಬೇಜಾರೂ ಆಗುತ್ತದೆ. "ಅಮ್ಮ, ಗುರುವಾರ ನಾವಿಬ್ಬರೂ ಎರಡು ಗಂಟೆ ಹೊರಗೆ ಹೋಗಿ ಬರ್ತೀವಿ, ಮಕ್ಕಳ ಊಟ ಮುಗಿಸೇ ಹೋಗ್ತೀವಿ" ಅಂದರೆ ಬೇಡ ಅನ್ನುವವರು ಕಡಿಮೆ. ಕೊಟ್ಟ ಮಾತಿನಂತೆ ಊಟ ಮುಗಿಸಿ, ಬಟ್ಟೆ ಬದಲಿಸಿ, ಹಾಸಿಗೆ ಹಾಸಿಟ್ಟು ಹೋಗಿ. ಬರುವಾಗ ಅವರಿಗೆ ಇಷ್ಟವಾದದ್ದು ಏನಾದರೂ ಕಟ್ಟಿಸಿಕೊಂಡು ಬನ್ನಿ. ಇನ್ನೊಂದು ಸಂಜೆ ನೀವು ಮನೆಯಲ್ಲಿದ್ದು ಅವರಿಬ್ಬರನ್ನೂ ಹರಿಕಥೆಗೋ ಸಂಗೀತ ಕಛೇರಿಗೋ ಕಳಿಸಿ.

ನಮ್ಮ ಮನೆಯಲ್ಲಿ ಹಿರಿಯರಿಲ್ಲ, ಇಬ್ಬರ ತವರೂ ದೂರ. ಗಂಟೆ ಲೆಕ್ಕದಲ್ಲಿ ಆಯಾ ಕರೆದರೆ ಹೋಟೆಲ್ ಬಿಲ್ಲಿಗಿಂತ ಅದೇ ಜಾಸ್ತಿ. ಆಗ ನೆನಪಾಗಿದ್ದು ಊರಿನ ಮುಯ್ಯಾಳು ಪದ್ಧತಿ. ನಾಟಿ ಸಮಯದಲ್ಲಿ ಇವತ್ತು ನಾವು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ಕೂಲಿ ಇಲ್ಲ, ಕೆಲಸಕ್ಕೆ ಕೆಲಸ. ಎರಡನೇ ಮಹಡಿಯಲ್ಲಿ ನಮ್ಮ ಹಾಗೇ ಚಿಕ್ಕ ಮಗು ಇರುವ ಜೋಡಿ ಇದೆ. ಅವರನ್ನು ಕೇಳಿದೆವು. ಅವರೂ ಇಂಥದ್ದೇ ಏನಾದರೂ ಮಾಡಬೇಕು ಅಂತ ಯೋಚಿಸುತ್ತಿದ್ದರಂತೆ. ಒಂದು ಗುರುವಾರ ನಮ್ಮದು, ಮುಂದಿನ ಗುರುವಾರ ಅವರದು.

ಹೀಗೆ ಸರದಿಯಲ್ಲಿ ಒಬ್ಬರ ಮಕ್ಕಳನ್ನು ಇನ್ನೊಬ್ಬರು ನೋಡಿಕೊಳ್ಳುವ ಈ ಮುಯ್ಯಿ ತುಂಬ ದಿನ ನಡೆಯಬೇಕು ಅಂದರೆ ಕೆಲವು ವಿಷಯ ಮೊದಲೇ ಮಾತಾಡಿಕೊಳ್ಳಿ. ಮಗುವನ್ನು ಅವರ ಮನೆಗೆ ಒಯ್ಯುವುದಕ್ಕಿಂತ ಅವರಲ್ಲಿ ಒಬ್ಬರು ನಿಮ್ಮ ಮನೆಗೆ ಬಂದು ಕೂರುವುದು ಒಳ್ಳೆಯದು. ಮಗು ತನ್ನ ಹಾಸಿಗೆಯಲ್ಲೇ ಮಲಗುತ್ತದೆ, ನೀವು ಬಂದ ಮೇಲೆ ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ಎಚ್ಚರಾಗುವ ಕಷ್ಟ ಇರಲ್ಲ. ಗಂಟೆಯ ಲೆಕ್ಕ ಇಡಬೇಡಿ, ಸರದಿಯ ಲೆಕ್ಕ ಇಡಿ. "ನೀವು ಹೋದ ಸಲ ಇಪ್ಪತ್ತು ನಿಮಿಷ ತಡ" ಅನ್ನುವ ಮಾತು ಬಂದರೆ ಸ್ನೇಹ ಕೆಡುತ್ತದೆ. ಆದರೆ 9 ಅಂದರೆ 9ಕ್ಕೆ ಬನ್ನಿ. ಮಗುವಿಗೆ ಜ್ವರ ಇದ್ದರೆ ಆ ವಾರ ಇಬ್ಬರಿಗೂ ಬೇಡ.

ಒಂದು ಚೀಟಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ: ಮಗುವಿಗೆ ಯಾವ ತಿಂಡಿ ಆಗಲ್ಲ, ರಾತ್ರಿ ಹಾಲು ಕುಡಿಯುತ್ತದಾ, ಕರೆಂಟ್ ಹೋದರೆ ಟಾರ್ಚ್ ಎಲ್ಲಿದೆ, ಮಕ್ಕಳ ಡಾಕ್ಟರ ಫೋನ್ ನಂಬರ್. ನಮ್ಮ ಚೀಟಿಯಲ್ಲಿ "ನೀಲಿ ಹೊದಿಕೆ ಇಲ್ಲದೆ ಮಲಗಲ್ಲ" ಅಂತಲೂ ಇದೆ. ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಸಾಲೇ.

ಮೊದಲ ಸಲ ಅರ್ಧ ಗಂಟೆ ಮಾತ್ರ ಹೋಗಿ. ಬೀದಿ ಕೊನೆಯ ತನಕ ನಡೆದು ಬನ್ನಿ. ಮತ್ತೆ, ಮಗುವಿನ ಕಣ್ಣು ತಪ್ಪಿಸಿ ಹೋಗಬೇಡಿ. ನಾವು ಮೊದಲ ಸಲ ಹಾಗೆ ಮಾಡಿದೆವು. ದೊಡ್ಡವಳು ಆಮೇಲೆ ಎರಡು ದಿನ ನಾನು ಬಾತ್‌ರೂಮಿಗೆ ಹೋದರೂ ಬಾಗಿಲ ಹತ್ತಿರ ಕಾಯುತ್ತಿದ್ದಳು. ಅದನ್ನು ನೋಡಿ ತುಂಬ ಸಂಕಟ ಆಯಿತು. ಈಗ "ಅಪ್ಪ ಅಮ್ಮ ಹೋಗಿ, ನೀನು ಮಲಗಿದ ಮೇಲೆ ಬರ್ತೀವಿ, ಬೆಳಗ್ಗೆ ಏಳಿಸೋದು ನಾನೇ" ಅಂತ ಹೇಳಿ, ಕೈ ಬೀಸಿ ಹೋಗುತ್ತೇವೆ. ಒಂದೆರಡು ನಿಮಿಷ ಅಳು ಇರುತ್ತದೆ. ಆಮೇಲೆ ನಿಲ್ಲುತ್ತದೆ.

ಹೊರಗೆ ಹೋಗುವ ಸಂಜೆ

ನಾವಿರುವುದು ಬೆಂಗಳೂರಿನ ಹನುಮಂತನಗರದ ಕಡೆ. ನಮಗೆ ಗಾಂಧಿ ಬಜಾರು ಹತ್ತಿರ. ಬಸ್ಸಿನಲ್ಲಿ ಹೋದರೆ ನನ್ನ ಟಿಕೆಟ್ಟಿಗೆ ಖರ್ಚಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಪ್ರಯಾಣ ಉಚಿತ. ಎ.ಸಿ. ಬಸ್ಸಿಗೆ ಅದು ನಡೆಯಲ್ಲ. ಆಧಾರ್ ಕಾರ್ಡ್ ಮರೆಯಬೇಡಿ.

ಗಾಂಧಿ ಬಜಾರಿನಲ್ಲಿ ಸುಮ್ನೆ ಹೂವಿನ ಸಾಲಿನ ಪಕ್ಕ ನಡೆಯಿರಿ. ಒಂದು ಮೊಳ ಮಲ್ಲಿಗೆ ತಗೊಳ್ಳಿ. ಹತ್ತಿರದ ದರ್ಶಿನಿಯಲ್ಲಿ ಒಂದು ಮಸಾಲೆ ದೋಸೆ ಹಂಚಿಕೊಂಡು, ಆಮೇಲೆ ಒಂದು ಬೈ ಟು ಕಾಫಿ. ನಮಗೆ ಇಷ್ಟಕ್ಕೆ 200 ರೂಪಾಯಿ ಒಳಗೇ ಆಗುತ್ತದೆ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿಸಿಕೊಂಡು ನಿಂತು ಕುಡಿಯುವುದರಲ್ಲಿ ಒಂದು ಸುಖ ಇದೆ. ಬೇಗ ಮುಗಿದುಬಿಡುತ್ತದೆ ಅಂತ ಇಬ್ಬರೂ ನಿಧಾನ ಕುಡಿಯುತ್ತೇವೆ. ಸಜ್ಜನ್ ರಾವ್ ವೃತ್ತದ ಹತ್ತಿರ ವಿ.ವಿ. ಪುರದ ತಿಂಡಿ ಬೀದಿಯೂ ಸಂಜೆಗೆ ಒಳ್ಳೆಯದೇ. ಆದರೆ ಅಲ್ಲಿ ಜನ ಜಾಸ್ತಿ, ಮಾತು ಕೇಳಿಸಲ್ಲ. ತಿನ್ನುವುದಕ್ಕೆ ಅಲ್ಲಿಗೆ ಹೋಗಿ, ಮಾತಾಡುವುದಕ್ಕೆ ಬೇರೆ ಕಡೆ.

ಪ್ರತಿ ಸಲ ತಿಂಡಿಯೇ ಆಗಬೇಕಿಲ್ಲ. ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯಲ್ಲಿ 1945ರಲ್ಲಿ ಶುರುವಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇದೆ. ಅಲ್ಲಿ ಸಂಜೆ ಸಂಗೀತ, ನೃತ್ಯ, ಉಪನ್ಯಾಸ ಉಚಿತವಾಗಿ ನಡೆಯುತ್ತವೆ. ನಾಟಕ ಇಷ್ಟ ಇದ್ದರೆ ಜೆ.ಪಿ. ನಗರದ ರಂಗ ಶಂಕರ. ಅಲ್ಲಿ ಸಂಜೆಯ ನಾಟಕ ಸರಿಯಾಗಿ 7:30ಕ್ಕೆ ಶುರು, ತಡವಾಗಿ ಹೋದರೆ ಒಳಗೆ ಬಿಡಲ್ಲ. ನಾಟಕಕ್ಕೆ ಹೋಗುವ ದಿನ ಮುಯ್ಯಿ ಹೊತ್ತನ್ನು ಮುಂಚೆಯೇ ಹೇಳಿ 6:30ರಿಂದ ಮಾಡಿಕೊಳ್ಳಿ. ಮುಗಿಯುವುದು 9 ದಾಟಬಹುದು, ಅದನ್ನೂ ಹೇಳಿಡಿ.

ಹಬ್ಬದ ದಿನಗಳಲ್ಲಿ ದುಡ್ಡೇ ಬೇಡ. ರಾಮನವಮಿ ಸಮಯದಲ್ಲಿ ಎಷ್ಟೋ ಬಡಾವಣೆಗಳಲ್ಲಿ ಪೆಂಡಾಲ್ ಹಾಕಿ ಕಛೇರಿ ಇಡುತ್ತಾರೆ, ಪಾನಕ ಕೋಸಂಬರಿಯೂ ಸಿಗುತ್ತದೆ. ಗಣೇಶನ ಹಬ್ಬಕ್ಕೆ ಬೀದಿ ಬೀದಿಯಲ್ಲಿ ಆರ್ಕೆಸ್ಟ್ರಾ. ಕಾರ್ತಿಕದ ಕೊನೆ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ ಇದೆ, ಒಂದು ಪೊಟ್ಟಣ ಹುರಿದ ಕಡಲೆಕಾಯಿ ಹಿಡಿದು ಎಷ್ಟು ದೂರ ಬೇಕಾದರೂ ನಡೆಯಬಹುದು.

ಕರಾವಳಿಯವರಿಗೆ ಯಕ್ಷಗಾನ ಬಯಲಾಟ ಇದೆ. ನವೆಂಬರಿನಿಂದ ಮೇ ತನಕ ಹರಕೆ ಆಟಗಳಿಗೆ ಟಿಕೆಟ್ ಇಲ್ಲ, ಎಷ್ಟೋ ಕಡೆ ಊಟವೂ ಇರುತ್ತದೆ. ಈಗ ಕಾಲಮಿತಿ ಪ್ರಯೋಗಗಳೂ ಬಂದಿರುವುದರಿಂದ ಬೆಳಗಿನ ತನಕ ಕೂರಲೇಬೇಕು ಅಂತಿಲ್ಲ. ದಾವಣಗೆರೆಯಲ್ಲಿ ಮಂಡಕ್ಕಿ–ಮೆಣಸಿನಕಾಯಿ, ಹುಬ್ಬಳ್ಳಿ–ಧಾರವಾಡದಲ್ಲಿ ಗಿರ್ಮಿಟ್ ಮಿರ್ಚಿ. ಅಲ್ಲಿನವರಿಗೆ ಜಾಗ ನಾನು ಹೇಳಬೇಕಿಲ್ಲ.

ಮನೆಯಲ್ಲೇ, ಮಕ್ಕಳು ಮಲಗಿದ ಮೇಲೆ

ಮುಯ್ಯಿಗೂ ಯಾರೂ ಸಿಗದಿದ್ದರೆ ಮನೆಯೇ ಸರಿ. ನನ್ನನ್ನು ಕೇಳಿದರೆ ನಮ್ಮ ಒಳ್ಳೆಯ ಸಂಜೆಗಳೆಲ್ಲಾ ಮನೆಯಲ್ಲೇ ಆದವು.

ಟೆರೇಸ್ ಇದ್ದರೆ ಬೆಳದಿಂಗಳೂಟ ಮಾಡಿ. ಇಲ್ಲೊಂದು ಲೆಕ್ಕ ಇದೆ. ಹುಣ್ಣಿಮೆ ದಿನ ಚಂದ್ರ ಸೂರ್ಯ ಮುಳುಗುವ ಹೊತ್ತಿಗೇ ಹುಟ್ಟುತ್ತಾನೆ. ಆಗ ಮಕ್ಕಳ ಊಟ, ಗಲಾಟೆ. ಆಮೇಲೆ ದಿನಕ್ಕೆ ಹೆಚ್ಚುಕಡಿಮೆ ಮುಕ್ಕಾಲು ಗಂಟೆ ತಡವಾಗಿ ಹುಟ್ಟುತ್ತಾ ಹೋಗುತ್ತಾನೆ. ಬಿದಿಗೆ, ತದಿಗೆ ಹೊತ್ತಿಗೆ ಮಕ್ಕಳು ಮಲಗುವ ಸಮಯಕ್ಕೆ ಸರಿಯಾಗಿ ಬರುತ್ತಾನೆ. ಸಂಕಷ್ಟಿಯಂತೂ ಇನ್ನೂ ಸುಲಭ. ಚಂದ್ರೋದಯ ಎಷ್ಟು ಹೊತ್ತಿಗೆ ಅಂತ ಕ್ಯಾಲೆಂಡರಿನಲ್ಲೇ ಅಚ್ಚಾಗಿರುತ್ತದೆ. ನಾನು ಸಂಕಷ್ಟಿ ಮಾಡುತ್ತೇನೆ. ಮೊದಲೆಲ್ಲಾ ಚಂದ್ರನನ್ನು ನೋಡಿ ಒಬ್ಬಳೇ ಅಡುಗೆಮನೆಯಲ್ಲಿ ಊಟ ಮಾಡುತ್ತಿದ್ದೆ. ಈಗ ಅವರೂ ಕಾಯುತ್ತಾರೆ. ಚಾಪೆ, ಒಂದು ಡಬ್ಬಿ ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ. ಒಂದೇ ತಟ್ಟೆಯಲ್ಲಿ ಕಲಸಿ ಕೈತುತ್ತು ಹಾಕಿಕೊಳ್ಳುತ್ತೇವೆ. ಮಕ್ಕಳನ್ನು ಬಿಟ್ಟು ಮೇಲೆ ಹೋಗುವುದು ಟೆರೇಸ್ ನಿಮ್ಮದೇ ಮನೆಯ ಮೇಲಿದ್ದು, ಮಗು ಎದ್ದರೆ ಕೇಳಿಸುವ ಹಾಗಿದ್ದರೆ ಮಾತ್ರ. ಇಲ್ಲದಿದ್ದರೆ ಬಾಲ್ಕನಿ ಸಾಕು.

ಚೌಕಾಬಾರ ಆಡಿ. ಐದು–ಐದು ಮನೆಯ ಚೌಕವನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆಯಿರಿ. ನಾಲ್ಕೂ ಬದಿಯ ನಡುವಿನ ಮನೆಗೂ, ಮಧ್ಯದ ಮನೆಗೂ ಕಾಟು ಹಾಕಿ, ಅವು ಕಟ್ಟೆ. ಅಲ್ಲಿರುವ ಕಾಯನ್ನು ಹೊಡೆಯುವಂತಿಲ್ಲ. ಇಬ್ಬರೂ ಎದುರುಬದುರು ಕೂತು ನಾಲ್ಕು ನಾಲ್ಕು ಕಾಯಿ ಇಟ್ಟುಕೊಳ್ಳಿ. ನಾಲ್ಕು ಕವಡೆ ಬೇಕು. ಇಲ್ಲವೇ ಹುಣಸೆ ಬೀಜದ ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ. ನಾಲ್ಕೂ ಅಂಗಾತ ಬಿದ್ದರೆ ಚೌಕ, 4. ನಾಲ್ಕೂ ಬೋರಲು ಬಿದ್ದರೆ ಬಾರ, 8. ಇವೆರಡಕ್ಕೂ ಇನ್ನೊಂದು ಸಲ ಹಾಕಬಹುದು. ಹೊರಸುತ್ತು ಮುಗಿಸಿ, ಒಳಸುತ್ತು ಹೊಕ್ಕು, ನಡುಮನೆ ಸೇರಿದ ಕಾಯಿ ಹಣ್ಣು. ನಮ್ಮಜ್ಜಿ ಮನೆಯಲ್ಲಿ ಎದುರಿನವರ ಒಂದು ಕಾಯನ್ನಾದರೂ ಹೊಡೆಯದೆ ಒಳಗೆ ಹೋಗುವಂತಿರಲಿಲ್ಲ. ನಾವೂ ಅದೇ ನಿಯಮ ಇಟ್ಟುಕೊಂಡಿದ್ದೇವೆ. ನೆಲದ ಮೇಲೆ ಕವಡೆ ಸದ್ದು ಮಾಡುತ್ತದೆ, ಟವೆಲ್ ಹಾಸಿ.

ಸದ್ದು ಅಂದಮೇಲೆ ಇನ್ನೊಂದು ಮಾತು. ಮನೆಯ ಸಂಜೆಯನ್ನು ಕೆಡಿಸುವುದು ಮಿಕ್ಸಿ, ಕುಕ್ಕರ್ ವಿಷಲ್. ಅದಕ್ಕೇ ಚುರುಮುರಿ ನಮಗೆ ಅಚ್ಚುಮೆಚ್ಚು. ಹಸಿಮೆಣಸಿನಕಾಯಿ, ಉಪ್ಪು, ಕೊತ್ತಂಬರಿಯನ್ನು ಮಕ್ಕಳು ಎದ್ದಿರುವಾಗಲೇ ರುಬ್ಬಿಡಿ. ಕ್ಯಾರೆಟ್ ತುರಿದು, ಈರುಳ್ಳಿ, ಟೊಮೇಟೊ ಹೆಚ್ಚಿಟ್ಟಿರಿ. ಅವರು ಮಲಗಿದ ಮೇಲೆ ಕಡ್ಲೆಪುರಿಗೆ ಎಲ್ಲಾ ಹಾಕಿ, ಒಂದು ಚಮಚ ಕೊಬ್ಬರಿ ಎಣ್ಣೆ, ನಿಂಬೆರಸ ಬಿಟ್ಟು ಕಲಸಿದರೆ ಆಯಿತು. ತಟ್ಟೆಗೆ ಬೇಡ, ಪೇಪರ್ ಪೊಟ್ಟಣಕ್ಕೆ ಹಾಕಿ. ಪಾರ್ಕಿನ ಗೇಟಿನ ಹತ್ತಿರ ನಿಂತು ತಿಂದ ದಿನಗಳು ನೆನಪಾಗುತ್ತವೆ.

ಮಕ್ಕಳನ್ನು ಕರಕೊಂಡೇ ಹೋಗುವುದಾದರೆ

ಆಗ ಮಕ್ಕಳು ಓಡುವ ಜಾಗ, ನೀವು ಕೂರುವ ಜಾಗ ಎರಡೂ ಒಂದೇ ಕಡೆ ಇರಬೇಕು. ಲಾಲ್‌ಬಾಗಿನ ಬಂಡೆ ಹಾಗಿದೆ. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ, ಮೇಲೆ ಕೆಂಪೇಗೌಡರ ಗೋಪುರ. ಸೂರ್ಯ ಮುಳುಗುವುದು ಚೆನ್ನಾಗಿ ಕಾಣುತ್ತದೆ. ತೋಟ 7ಕ್ಕೆ ಮುಚ್ಚುತ್ತದೆ, 5:30ಕ್ಕೇ ಒಳಗಿರಿ. ಮೆಟ್ರೊದಲ್ಲಿ ಮೂರಡಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಟಿಕೆಟ್ ಇಲ್ಲ. ಮೈಸೂರಿನವರು ಭಾನುವಾರ ಸಂಜೆ 7ಕ್ಕೆ ಅರಮನೆ ದೀಪ ನೋಡಲು ಹೋಗಬಹುದು. ಸುಮಾರು ಒಂದು ಲಕ್ಷ ಬಲ್ಬು ಒಂದೇ ಸಲ ಹೊತ್ತುವಾಗ ಮಕ್ಕಳು ಬಾಯಿ ಬಿಟ್ಟು ನೋಡುತ್ತಾ ನಿಂತುಬಿಡುತ್ತಾರೆ. ನಿಮಗೆ ಅಷ್ಟು ಹೊತ್ತು ಸಿಗುತ್ತದೆ.

ಏನು ಮಾತಾಡುವುದು?

ಮೊದಲ ಎರಡು ಸಲ ನಮಗೆ ಮಾತೇ ಬರಲಿಲ್ಲ. ಮತ್ತೆ ಮಕ್ಕಳ ವಿಷಯಕ್ಕೇ ಬರುತ್ತಿದ್ದೆವು. ಆಮೇಲೆ ಒಂದು ಮಾತು ಮಾಡಿಕೊಂಡೆವು: ಫೀಸು, ಸಾಲ, ಔಷಧಿ, ನೆಂಟರ ದೂರು, ಈ ನಾಲ್ಕು ಬೇಡ. ಒಂದು ಫೋನು ಮನೆಯಿಂದ ಕರೆ ಬಂದರೆ ಇರಲಿ ಅಂತ ಬ್ಯಾಗಿನಲ್ಲಿ, ಇನ್ನೊಂದು ಮನೆಯಲ್ಲೇ. "ಚಿಕ್ಕಂದಿನಲ್ಲಿ ಯಾರ ಹತ್ತಿರ ಸೈಕಲ್ ಕಲಿತಿರಿ?" ಅಂತ ಒಂದು ಸಲ ಕೇಳಿದೆ. ಏಳು ವರ್ಷ ಜೊತೆಗಿದ್ದರೂ ಆ ಕತೆ ನನಗೆ ಗೊತ್ತಿರಲಿಲ್ಲ. ಬಸ್ ಸ್ಟಾಪಿನಿಂದ ಮನೆಯ ತನಕ ಅದನ್ನೇ ಹೇಳಿದರು. ಗೇಟಿನ ಹತ್ತಿರ ಬಂದಾಗ 9ಕ್ಕೆ ಇನ್ನೂ ಐದು ನಿಮಿಷ ಇತ್ತು. ಅಲ್ಲೇ ನಿಂತು ಮುಗಿಸಿ, ಒಳಗೆ ಹೋದೆವು.

ನಾಳೆ ಗುರುವಾರ, ಸರದಿ ಎರಡನೇ ಮಹಡಿಯವರದು. ನಾನು 6:45ಕ್ಕೆ ಅಲ್ಲಿರಬೇಕು. ಅವರ ಮಗುವಿಗೆ ಬಾಳೆಹಣ್ಣಿನ ಸಿಪ್ಪೆ ಪೂರ್ತಿ ಬಿಡಿಸಬಾರದು, ಅರ್ಧ ಬಿಡಿಸಿ ಕೈಗೆ ಕೊಡಬೇಕು ಅಂತ ಚೀಟಿಯಲ್ಲಿ ಬರೆದಿದ್ದಾರೆ.