ಮರೆತ ಥಿಯರಿ, ಹೊಸ ಜಾಝ್: ಎಲ್ಲಿಂದ ಶುರು ಮಾಡೋದು?

ಶಾಲೆಯಲ್ಲಿದ್ದಾಗ ಟ್ರಿನಿಟಿಯ ಪಾಶ್ಚಾತ್ಯ ಸಂಗೀತದ ಗ್ರೇಡ್ ಪರೀಕ್ಷೆಗೆ ಕೀಬೋರ್ಡ್ ಕಲಿತು, ಆಮೇಲೆ ಕೆಲಸ, ಮನೆ ಅಂತ ಬಿಟ್ಟವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನೂ ಒಬ್ಬಳು. ಈಗ ಜಾಝ್ ಕಲಿಯೋಣ ಅಂದರೆ ನಮ್ಮಂಥವರ ತೊಂದರೆಯೇ ಬೇರೆ. ಮೊದಲ ಪಾಠ ಬೇಜಾರು ಹಿಡಿಸುತ್ತದೆ, ಹತ್ತನೇ ಪಾಠ ತಲೆಗೆ ಹತ್ತುವುದಿಲ್ಲ. ಹಾಗಾಗಿ ಏನನ್ನಾದರೂ ಕೊಳ್ಳುವ ಮೊದಲು, ಮರೆತಿದ್ದು ಎಷ್ಟು ಅಂತ ನೋಡಿಕೊಳ್ಳಿ.

ಅದಕ್ಕೆ ದುಡ್ಡು ಬೇಡ. ಮ್ಯೂಸಿಕ್‌ಥಿಯರಿ ಡಾಟ್ ನೆಟ್‌ನಲ್ಲಿ ಪಾಠವೂ ಅಭ್ಯಾಸವೂ ಉಚಿತ. ಪಾಠ ಬಿಟ್ಟು ನೇರ ಅಭ್ಯಾಸಕ್ಕೆ ಹೋಗಿ. ಕೀ ಸಿಗ್ನೇಚರ್ (ಸಾಲಿನ ಆರಂಭದ ಶಾರ್ಪ್, ಫ್ಲಾಟ್ ಗುರುತುಗಳು), ಇಂಟರ್ವಲ್ (ಎರಡು ಸ್ವರಗಳ ಅಂತರ), ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳು) ಗುರುತಿಸಿ ನೋಡಿ. ತಪ್ಪಿದ ಕಡೆಯ ಪಾಠ ಮಾತ್ರ ಓದಿ. ನನಗೆ ಕೀ ಸಿಗ್ನೇಚರ್ ಎಲ್ಲ ನೆನಪಿತ್ತು. ಆದರೆ ನಾಲ್ಕು ಸ್ವರಗಳ ಸೆವೆಂತ್ ಕಾರ್ಡ್‌ಗಳು ಕಣ್ಣಿಗೆ ಗೊತ್ತಾಗುತ್ತಿದ್ದವು, ಕಿವಿಗೆ ಆಗುತ್ತಿರಲಿಲ್ಲ. ಪರೀಕ್ಷೆಗೆ ಓದಿದ್ದು ಅಲ್ವಾ! ಅಲ್ಲೇ ಇರುವ ಕಿವಿಯ ಅಭ್ಯಾಸಗಳನ್ನು ದಿನಾ ಸ್ವಲ್ಪ ಮಾಡಿ.

ಜಾಝ್ ಶುರು ಮಾಡಲು ಬೇಕಾದ ಥಿಯರಿ ಜಾಸ್ತಿ ಇಲ್ಲ. ಟು-ಫೈವ್-ಒನ್ ಸಾಕು, ಅಂದರೆ ಸ್ಕೇಲ್‌ನ ಎರಡನೇ, ಐದನೇ, ಒಂದನೇ ಸ್ವರದ ಮೇಲೆ ಕಟ್ಟಿದ ಮೂರು ಕಾರ್ಡ್‌ಗಳು, ಒಂದರ ಹಿಂದೆ ಒಂದು. ಸಿ ಮೇಜರ್‌ನಲ್ಲಿ ಅದು ಡಿ ಮೈನರ್ 7, ಜಿ 7, ಸಿ ಮೇಜರ್ 7. ಪ್ರತಿ ಕಾರ್ಡ್‌ನ ಮೂಲ ಸ್ವರದಿಂದ ಎಣಿಸಿ ಮೂರನೇ, ಏಳನೇ ಸ್ವರ ಮಾತ್ರ ಒತ್ತಿ. ಮೊದಲು ಎಫ್ ಮತ್ತು ಸಿ. ಸಿ ಅರ್ಧ ಸ್ವರ ಇಳಿದು ಬಿ ಆದರೆ ಎರಡನೇ ಕಾರ್ಡ್. ಆಮೇಲೆ ಎಫ್ ಇಳಿದು ಇ ಆದರೆ ಮೂರನೆಯದು. ಒಂದೊಂದು ಸಲಕ್ಕೂ ಒಂದೇ ಸ್ವರ ಬದಲಾಗುತ್ತದೆ. ಕಾರ್ಡ್‌ಗಳ ಹೆಸರು ಕೇಳಿ ಹೆದರಿದ್ದವರಿಗೆ ಇಲ್ಲಿ ನಿಜವಾಗಿ ನೆಮ್ಮದಿ.

ಜಾಝ್ ಕಲಿಸುವ ವಿಡಿಯೊಗಳನ್ನು ನಾನು ಅಳೆಯುವುದು ಇದರಲ್ಲೇ. ಇಂಥದ್ದೊಂದು ಸಂಗತಿಯನ್ನು ನಿಧಾನವಾಗಿ ನುಡಿಸಿ, ಒಂದು ಟ್ಯೂನ್‌ನಲ್ಲಿ ತೋರಿಸಿದರೆ ಇಟ್ಟುಕೊಳ್ಳುತ್ತೇನೆ. ಸುಮ್ನೆ ಸ್ಕೇಲ್‌ಗಳ ಹೆಸರು ಒದರಿದರೆ ಮುಚ್ಚುತ್ತೇನೆ.

ಪುಸ್ತಕ ಬೇಕಾದರೆ ಮಾರ್ಕ್ ಲೆವೀನ್ ಅವರ 1989ರ ‘ದ ಜಾಝ್ ಪಿಯಾನೊ ಬುಕ್’ ನೋಡಿ. ಟು-ಫೈವ್-ಒನ್ ಅದರಲ್ಲಿ ಆರಂಭದಲ್ಲೇ ಬರುತ್ತದೆ. ಅವರದೇ 1995ರ ಥಿಯರಿ ಪುಸ್ತಕ ದಪ್ಪ. ಅದನ್ನು ನಿಘಂಟಿನ ಹಾಗೆ ಬೇಕಾದಾಗ ತೆಗೆಯಿರಿ, ಮೊದಲಿಂದ ಕೊನೆಯವರೆಗೆ ಓದಲು ಕೂರಬೇಡಿ.

ಜೊತೆಗೆ ನುಡಿಸಲು ಬ್ಯಾಂಡ್ ಇಲ್ಲವೇ? ಜೇಮಿ ಏಬರ್‌ಸೋಲ್ಡ್ 1967ರಿಂದ ಹೊರತಂದ ಪ್ಲೇ-ಅಲಾಂಗ್ ಸರಣಿ ಇದೆ. ಒಂದು ಕಿವಿಗೆ ಬಾಸ್, ಇನ್ನೊಂದಕ್ಕೆ ಪಿಯಾನೊ. ಪಿಯಾನೊ ಕಡೆಯನ್ನು ಆಫ್ ಮಾಡಿದರೆ ಆ ಜಾಗ ನಿಮ್ಮದು. ಅದರ ಮೂರನೇ ಸಂಪುಟ ಪೂರ್ತಿ ಟು-ಫೈವ್-ಒನ್ ಮೇಲೇ ಇದೆ. ಹೀಗೆಯೇ ಜೊತೆಗೆ ನುಡಿಸುವ ಐರಿಯಲ್ ಪ್ರೊ ಆ್ಯಪ್‌ನಲ್ಲಿ ವೇಗ, ಶ್ರುತಿ ಎರಡನ್ನೂ ಬದಲಾಯಿಸಬಹುದು. ಆದರೆ ಅದರಲ್ಲಿ ಕಾರ್ಡ್ ಮಾತ್ರ ಇರುತ್ತದೆ, ಮೆಲೊಡಿ ಇರುವುದಿಲ್ಲ. ಮೆಲೊಡಿಯನ್ನು ರೆಕಾರ್ಡಿಂಗ್ ಕೇಳಿಯೇ ಕಲಿಯಬೇಕು, ಅದೂ ಒಳ್ಳೆಯದೇ.

ಮೊದಲ ಟ್ಯೂನ್‌ಗೆ ನನ್ನ ಆಯ್ಕೆ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ ‘ಸೋ ವಾಟ್’. 32 ಬಾರ್‌ಗಳು (ತಾಳದ ಆವರ್ತದಂಥ ಅಳತೆ), ಎರಡೇ ಮೋಡ್, ಅಂದರೆ ಎರಡೇ ಸ್ವರಸಾಲು. 16 ಬಾರ್ ಡಿ ಡೋರಿಯನ್, 8 ಬಾರ್ ಇ ಫ್ಲಾಟ್ ಡೋರಿಯನ್, ಮತ್ತೆ 8 ಬಾರ್ ಡಿ. ಕರ್ನಾಟಕ ಸಂಗೀತ ಗೊತ್ತಿದ್ದವರಿಗೆ ಡೋರಿಯನ್‌ನ ಸ್ವರಗಳು ಹೊಸದಲ್ಲ, ಖರಹರಪ್ರಿಯದವೇ. ಹಾಗಂತ ಗಮಕ ತುಂಬಿಸಿ ರಾಗ ಹಾಡಬೇಡಿ, ಇಲ್ಲಿನ ನಡೆ ಬೇರೆ. ಎರಡೂ ಕೂಡಿದರೆ ಹೇಗಿರುತ್ತದೆ ಅಂತ ಕುತೂಹಲವಿದ್ದರೆ ಸ್ಯಾಕ್ಸೊಫೋನ್ ವಾದಕರಾದ ಕದ್ರಿ ಗೋಪಾಲನಾಥ್ ಮತ್ತು ರುದ್ರೇಶ್ ಮಹಂತಪ್ಪ ಸೇರಿ ಮಾಡಿದ 2008ರ ‘ಕಿನ್ಸ್‌ಮೆನ್’ ಆಲ್ಬಂ ಕೇಳಿ.

‘ಸೋ ವಾಟ್’ನಲ್ಲಿ ಮೈಲ್ಸ್ ಒಬ್ಬರೇ ನುಡಿಸುವ ಸೋಲೊದ ಮೊದಲ ನಾಲ್ಕು ಬಾರ್ ಕೇಳಿ ಹಿಡಿಯಿರಿ. ಯೂಟ್ಯೂಬ್‌ನಲ್ಲಿ ವೇಗ ಅರ್ಧ ಮಾಡಿದರೂ ಶ್ರುತಿ ಬದಲಾಗುವುದಿಲ್ಲ. ಮೊದಲು ಬಾಯಲ್ಲಿ ಹಾಡಿ, ಆಮೇಲೆ ಕೀಬೋರ್ಡ್ ಮುಟ್ಟಿ. ಬೇರೆಯವರು ಬರೆದಿಟ್ಟ ನೋಟೇಶನ್ ಕೊನೆಗೆ, ಸರಿ ನೋಡಿಕೊಳ್ಳಲು ಮಾತ್ರ.

ಮೇಷ್ಟ್ರು ಬೇಕೆನಿಸಿದರೆ, ಮೊದಲ ತಿಂಗಳು ಯಾವ ಟ್ಯೂನ್ ನುಡಿಸುತ್ತೇವೆ ಅಂತ ಕೇಳಿ. ಬರೀ ಸಿಲಬಸ್ ಹೇಳಿದರೆ ಬೇರೆಯವರನ್ನು ಹುಡುಕಿ. ಗ್ರೇಡ್ ಪರೀಕ್ಷೆ ನಮಗೆ ಆಗಲೇ ಮುಗಿದಿದೆ.