ಕಾಲೊನಿಯ ನೀರು, ಕಾಲೊನಿಯವರದೇ ಲೆಕ್ಕ

ಗಿರಿಜನ ಕಾಲೊನಿ, ಕೇರಿ, ತೋಟದ ಕೂಲಿಯವರ ಲೈನ್ ಮನೆಗಳ ತೊಂದರೆಯನ್ನು ಅಲ್ಲಿನವರೇ ಗುರುತಿಸಿ, ಅಳೆದು, ಠರಾವು ಮಾಡಿಸಿ, ಕೊನೆಗೆ ತಾವೇ ನಡೆಸಿಕೊಂಡು ಹೋಗುವುದು ಹೇಗೆ?

ಚಿಕ್ಕಮಗಳೂರು, ಹಾಸನದ ಮಲೆನಾಡು ಸೆರಗಿನಲ್ಲಿ ನೀರಿಲ್ಲದ ಟ್ಯಾಂಕ್‌ಗಳಿಗೆ ಬರವಿಲ್ಲ. ಇವುಗಳ ಕಥೆ ಹೆಚ್ಚುಕಡಿಮೆ ಒಂದೇ. ಡಿಸೆಂಬರ್‌ನಲ್ಲಿ ಯಾರೋ ಬಂದು ತುಂಬಿ ಹರಿಯುವ ಒರತೆ ನೋಡಿದರು, ಅಂದಾಜುಪಟ್ಟಿ ಬರೆದರು, ಬಿಲ್ ಆಯಿತು. ಏಪ್ರಿಲ್‌ನಲ್ಲಿ ಆ ಒರತೆ ಬತ್ತುತ್ತದೆ ಎಂಬುದು ಕಾಲೊನಿಯ ಪ್ರತಿ ಹೆಂಗಸಿಗೂ ಗೊತ್ತಿತ್ತು. ಅವರನ್ನು ಯಾರೂ ಕೇಳಲಿಲ್ಲ.

ಕೇಳುವುದಕ್ಕೂ ಒಂದು ಕ್ರಮವಿದೆ. ಕುಡಿಯುವ ನೀರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಅದನ್ನು ಇಲ್ಲಿ ಹೇಳಿದೆ. ಗಾತ್ರ ಅಂದಾಜಿಗೆ ಸಿಗಲಿ ಎಂದು 40 ಮನೆ, 180 ಜನರ ಒಂದು ಕಾಲೊನಿಯನ್ನು ಊಹಿಸಿಕೊಳ್ಳಿ. ದಾರಿ, ಬೀದಿದೀಪ, ಅಂಗನವಾಡಿಗೂ ಇದೇ ಕ್ರಮ.

ಸಭೆಗೆ ಮೊದಲಿನ ಎರಡು ವಾರ

ಅರ್ಧ ಕೆಲಸ ಕೆಡುವುದು ಸಭೆಯ ದಿನ ಗೊತ್ತುಮಾಡುವಾಗಲೇ. ಕಾಫಿ ಕೊಯ್ಲಿನ ದಿನಗಳಲ್ಲಿ, ಅಂದರೆ ಅರೇಬಿಕಾಕ್ಕೆ ನವೆಂಬರ್‌ನಿಂದ ಜನವರಿ, ರೊಬಸ್ಟಾಕ್ಕೆ ಅಲ್ಲಿಂದ ಮಾರ್ಚ್‌ವರೆಗೆ, ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಬರುವವರು ಕೂಲಿ ಬಿಟ್ಟು ಬರಬೇಕು. ಅವರು ಬರುವುದಿಲ್ಲ; ಬರದಿದ್ದುದಕ್ಕೆ ‘ಆಸಕ್ತಿ ಇಲ್ಲ’ ಎಂದು ಷರಾ ಬೀಳುತ್ತದೆ. ಬಟವಾಡೆಯ ದಿನವೂ ಬೇಡ, ಸಂತೆಯ ದಿನವೂ ಬೇಡ. ಸಂಜೆ ಆರೂವರೆಯ ನಂತರ, ಕಾಲೊನಿಯ ಒಳಗೇ, ಒಂದೂವರೆ ಗಂಟೆ ಮೀರದಂತೆ ಸೇರಿ. ಆನೆ ಓಡಾಡುವ ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯಾದರೆ ಕತ್ತಲಾಗುವ ಮೊದಲೇ ಮುಗಿಯಬೇಕು. ಅಲ್ಲಿ ಭಾನುವಾರ ಮಧ್ಯಾಹ್ನವೇ ಸರಿ.

ಸಭೆಗೆ ಮೊದಲು ಮನೆಮನೆಗೆ ಹೋಗಿ. ದಿನಕ್ಕೆ ಎಂಟು ಮನೆಯಂತೆ ಐದು ದಿನ ಸಾಕು. ಹೊರಗಿನಿಂದ ಹೋಗುವವರು ಇಬ್ಬರಿಗಿಂತ ಹೆಚ್ಚಿರಬಾರದು, ಅವರಲ್ಲಿ ಒಬ್ಬರು ಹೆಂಗಸಾಗಿರಬೇಕು. ಜೊತೆಗೆ ಅದೇ ಕಾಲೊನಿಯ ಒಬ್ಬರಿರಲಿ, ಆದರೆ ಆ ಒಬ್ಬರು ‘ಮುಖಂಡ’ ಆಗಿರುವುದು ಬೇಡ. ಮುಖಂಡ ಪಕ್ಕದಲ್ಲಿ ನಿಂತರೆ ಎಲ್ಲ ಮನೆಯಲ್ಲೂ ಒಂದೇ ಉತ್ತರ ಸಿಗುತ್ತದೆ. ಟೀ ಕೊಟ್ಟರೆ ಕುಡಿಯಿರಿ. ‘ಈಗಷ್ಟೇ ಆಯ್ತು’ ಎಂದು ಲೋಟ ಸರಿಸುವುದಕ್ಕೆ ಇಲ್ಲಿ ಒಂದು ಹಳೆಯ ಅರ್ಥವಿದೆ, ಅದು ಎಲ್ಲರಿಗೂ ಗೊತ್ತು.

ಭಾಷೆಯನ್ನು ಮೊದಲೇ ವಿಚಾರಿಸಿಕೊಳ್ಳಿ. ಮಲೆಕುಡಿಯರ ಮನೆಮಾತು ತುಳು. ಕಡೂರು ಕಡೆಯ ತಾಂಡಾಗಳಲ್ಲಿ ಲಂಬಾಣಿ, ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿಗಳಲ್ಲಿ ವಾಗ್ರಿ. ಮೂಡಿಗೆರೆ ಸುತ್ತ ಬ್ಯಾರಿ ಕೇಳಿಸುತ್ತದೆ, ಲೈನ್ ಮನೆಗಳಲ್ಲಿ ತಮಿಳು. ಈಚೆಗೆ ಅಸ್ಸಾಂ ಕಡೆಯಿಂದ ಬಂದವರೂ ಇದ್ದಾರೆ. ಎಲ್ಲರಿಗೂ ಸಂತೆ ವ್ಯಾಪಾರದ ಕನ್ನಡ ಬರುತ್ತದೆ. ಹಾಗೆಂದು ದೂರು ಹೇಳುವಷ್ಟು, ತಕರಾರು ಮಾಡುವಷ್ಟು ಬರುತ್ತದೆ ಎಂದುಕೊಳ್ಳಬೇಡಿ. ಅವರವರಲ್ಲೇ ಎರಡೂ ಮಾತು ಬಲ್ಲ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಮೊದಲೇ ಗೊತ್ತುಮಾಡಿ, ಆ ಹೊತ್ತಿನ ಕೂಲಿ ಕೊಡಿ.

ಇನ್ನು ಎಣಿಕೆ. ಮತದಾರರ ಪಟ್ಟಿ ಹಿಡಿದು ಎಣಿಸಿದರೆ ವಲಸೆ ಬಂದವರು, ಮಕ್ಕಳು, ಪಡಿತರ ಚೀಟಿ ಬೇರೆ ಊರಿನಲ್ಲಿರುವವರು ಬಿಟ್ಟುಹೋಗುತ್ತಾರೆ. ಅವರಿಗೆ ವೋಟಿಲ್ಲದಿರಬಹುದು, ಬಾಯಾರಿಕೆ ಇದ್ದೇ ಇದೆ. ಒಲೆ ಎಣಿಸಿ, ತಲೆ ಎಣಿಸಿ.

ನೆಲದ ಮೇಲೆ ನಕ್ಷೆ

ಕಾಗದ, ಪೆನ್ನು ಇಟ್ಟರೆ ಓದಿದವರ ಕೈಗೇ ಹೋಗುತ್ತದೆ. ಅದಕ್ಕೇ ನಕ್ಷೆಯನ್ನು ಅಂಗಳದಲ್ಲಿ ರಂಗೋಲಿ ಪುಡಿಯಿಂದ ಬಿಡಿಸಬೇಕು. ಎರಡು ಕೆ.ಜಿ. ಪುಡಿ ಸಾಕು. ಮನೆಗೆ ಕಲ್ಲು, ನೀರಿಗೆ ಹಸಿರೆಲೆ, ದಾರಿಗೆ ಬೂದಿ ಇಡಿ. ಹೆಂಗಸರದು ಒಂದು ನಕ್ಷೆ, ಗಂಡಸರದು ಇನ್ನೊಂದು, ನಡುವೆ ಸ್ವಲ್ಪ ದೂರವಿರಲಿ. ಎರಡೂ ಮುಗಿದ ಮೇಲೆ ಎಲ್ಲರೂ ಎರಡನ್ನೂ ಸುತ್ತಿ ನೋಡಲಿ. ಗಂಡಸರ ನಕ್ಷೆಯಲ್ಲಿ ರಸ್ತೆ, ಬಸ್ ನಿಲ್ಲುವ ಜಾಗ ದೊಡ್ಡದಾಗಿರುತ್ತದೆ. ಹೆಂಗಸರದರಲ್ಲಿ ನೀರಿನ ಜಾಗ ಮೂರ್ನಾಲ್ಕು ಕಾಣುತ್ತದೆ, ಮಳೆಗಾಲದ್ದು, ಕಾಫಿ ಹೂ ಅರಳಿಸುವ ಬೇಸಿಗೆಯ ಹೂ ಮಳೆವರೆಗೆ ಬರುವುದು, ಕೊನೆಗೆ ಉಳಿಯುವುದು ಎಂದು. ಆ ಕೊನೆಯದೇ ನಿಮಗೆ ಬೇಕಾದದ್ದು.

ಯಾವ ಕೆಲಸ ಮೊದಲು ಎಂಬುದನ್ನು ಕೈ ಎತ್ತಿಸಿ ತೀರ್ಮಾನಿಸಬೇಡಿ. ಸಾಲ ಕೊಟ್ಟವನು, ಕೆಲಸ ಕೊಡುವವನು ಎದುರಿಗಿದ್ದಾಗ ಕೈ ಅವನ ಮುಖ ನೋಡಿಯೇ ಏಳುತ್ತದೆ. ಬಾಯಿ ಮುಚ್ಚುವ ಮಡಕೆಗಳನ್ನು ಮರೆಯಲ್ಲಿಡಿ, ಒಂದೊಂದರ ಮೇಲೂ ಚಿತ್ರ ಅಂಟಿಸಿ: ನಲ್ಲಿ, ದೀಪ, ದಾರಿ, ಶೌಚಾಲಯ. ಪ್ರತಿಯೊಬ್ಬರಿಗೂ ಐದು ಕಾಫಿ ಬೀಜ. ಐದನ್ನೂ ಒಂದಕ್ಕೇ ಹಾಕಬಹುದು, ಹಂಚಲೂಬಹುದು. ಮಡಕೆ ತೆರೆದಿಟ್ಟರೆ ಮೊದಲ ನಾಲ್ಕು ಜನ ಹಾಕಿದ ಕಡೆಗೇ ಉಳಿದವರೂ ಹಾಕುತ್ತಾರೆ. ಎಣಿಕೆ ಮಾತ್ರ ಎಲ್ಲರೆದುರು ನಡೆಯಲಿ, ಹೆಂಗಸರ ಬೀಜ, ಗಂಡಸರ ಬೀಜ ಬೇರೆಬೇರೆ. ಲೆಕ್ಕದಲ್ಲಿ ನಲ್ಲಿ ಸೋತು ದಾರಿ ಗೆದ್ದರೆ ದಾರಿಯ ಕೆಲಸಕ್ಕೇ ಕೈ ಹಾಕಿ. ನೀವು ತಂದ ಯೋಜನೆ ನೀರಿನದಾಗಿದ್ದರೆ ಅದು ನಿಮ್ಮ ಕಷ್ಟ.

ಕೊಡ ಮತ್ತು ಗಡಿಯಾರ

ಒರತೆಯನ್ನು ಏಪ್ರಿಲ್ ಕೊನೆಯ ವಾರ, ಮಳೆ ಬಿದ್ದು ಎರಡು ವಾರವಾದರೂ ಆಗಿರುವಾಗ ಅಳೆಯಬೇಕು. ಸಾಮಾನು ಎರಡೇ: 15 ಲೀಟರಿನ ಪ್ಲಾಸ್ಟಿಕ್ ಕೊಡ, ಮೊಬೈಲ್‌ನ ಗಡಿಯಾರ. ಒರತೆಗೆ ತುಂಡು ಪೈಪ್ ಇಟ್ಟು, ಸುತ್ತ ಜೇಡಿಮಣ್ಣು ಮೆತ್ತಿ, ನೀರೆಲ್ಲ ಪೈಪಿನಲ್ಲೇ ಬರುವಂತೆ ಮಾಡಿ ಮೂರು ಬಾರಿ ತುಂಬಿಸಿ, ಸರಾಸರಿ ತೆಗೆಯಿರಿ. ಅಳೆಯುವವರು, ಬರೆಯುವವರು ಕಾಲೊನಿಯವರೇ ಆಗಿರಲಿ. ಮುಂದೆ ಎಂಜಿನಿಯರ್ ಎದುರು ಅಂಕಿ ಹೇಳಬೇಕಾದವರು ಅವರು.

ಕೊಡ ತುಂಬಲು ಎರಡು ನಿಮಿಷ ಬೇಕಾಯಿತು ಎನ್ನಿ. ನಿಮಿಷಕ್ಕೆ 7.5 ಲೀಟರ್, ಗಂಟೆಗೆ 450, ದಿನಕ್ಕೆ 10,800 ಲೀಟರ್. ಮನೆಮನೆಗೆ ನಲ್ಲಿ ನೀರು ಕೊಡುವ ಕೇಂದ್ರದ ಯೋಜನೆ ಜಲ ಜೀವನ್ ಮಿಷನ್‌ನ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. 180 ಜನಕ್ಕೆ 9,900. ಅಂದರೆ ನೀರು ಸಾಕು! ಮತ್ತೆ ಬೆಳಿಗ್ಗೆ ಜಗಳ ಯಾಕೆ? ಜನ ನೀರು ಹಿಡಿಯುವುದು ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಐದರಿಂದ ಏಳು. ಆ ಐದು ಗಂಟೆಯಲ್ಲಿ ಬರುವುದು 2,250 ಲೀಟರ್ ಮಾತ್ರ. ಉಳಿದದ್ದೆಲ್ಲ ರಾತ್ರಿ, ಮಧ್ಯಾಹ್ನ ಹಳ್ಳ ಸೇರುತ್ತದೆ. ಇಲ್ಲಿ ಬೇಕಾದದ್ದು ಕೊಳವೆಬಾವಿಯಲ್ಲ, ರಾತ್ರಿಯ ನೀರು ಹಿಡಿದಿಡುವ 5,000 ಲೀಟರಿನ ಒಂದು ತೊಟ್ಟಿ. ಕೊಳವೆಬಾವಿಗೆ ಹೋಲಿಸಿದರೆ ಖರ್ಚು ಕಡಿಮೆ, ಕರೆಂಟ್ ಬೇಡ. ಗುತ್ತಿಗೆದಾರರಿಗೆ ಇಂಥ ಸಲಹೆ ರುಚಿಸುವುದಿಲ್ಲ, ಅದು ಬೇರೆ ಮಾತು.

ಒರತೆಯಿಂದ ಕಾಲೊನಿಗೆ 600 ಮೀಟರ್ ಇಳಿಜಾರಿದ್ದರೆ 32 ಮಿ.ಮೀ. ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪ್ ಸಾಕು. ಎರಡಡಿ ಆಳಕ್ಕೆ ಹೂಳಬೇಕು. ಮೇಲೆ ಬಿಟ್ಟರೆ ಆನೆ, ಕಾಟಿ ತುಳಿಯುತ್ತವೆ, ಕಾಡುಬೆಂಕಿಗೆ ಕರಗುತ್ತದೆ. ಪೈಪ್ ಏರಿ ಇಳಿಯುವ ಕಡೆ ಗಾಳಿ ಕಟ್ಟಿಕೊಂಡು ನೀರು ನಿಲ್ಲುತ್ತದೆ. ಅಲ್ಲಿ ಏರ್ ವಾಲ್ವ್, ತಗ್ಗಿನಲ್ಲಿ ಮಣ್ಣು ತೊಳೆದು ಬಿಡಲು ಒಂದು ಗೇಟ್ ವಾಲ್ವ್ ಇಡಿ. ಪೈಪ್ ಹೋಗುವ ದಾರಿಯನ್ನು ಸೀಗೆ, ಜೇನು, ರಾಮಪತ್ರೆಗೆ ಕಾಡು ಸುತ್ತುವವರು ತೋರಿಸಲಿ. ಮಳೆಗಾಲದಲ್ಲಿ ಎಲ್ಲಿ ಧರೆ ಕುಸಿಯುತ್ತದೆ ಎಂಬುದು ಅವರಿಗೆ ಗೊತ್ತು.

ಠರಾವು: ಯಾವ ಸಭೆ, ಎಷ್ಟು ಜನ

ಕರ್ನಾಟಕದ ಪಂಚಾಯತ್ ರಾಜ್ ಕಾನೂನಿನಲ್ಲಿ ಒಂದು ಕಾಲೊನಿ ಅಥವಾ ಕೇರಿಯ ಮಟ್ಟದ ಜನವಸತಿ ಸಭೆ, ಅದರ ಮೇಲೆ ವಾರ್ಡ್ ಸಭೆ, ಅದರ ಮೇಲೆ ಗ್ರಾಮಸಭೆ ಇವೆ. ಸಾಮಾನ್ಯವಾಗಿ ಎಲ್ಲರೂ ನೇರ ಗ್ರಾಮಸಭೆಗೆ ಓಡುತ್ತಾರೆ. ಅಲ್ಲಿ ಕಾಲೊನಿಯ ಹತ್ತು ಜನ ಬಾಗಿಲ ಬಳಿ ನಿಂತು ವಾಪಸ್ ಬರುತ್ತಾರೆ. ಕೆಳಗಿನಿಂದಲೇ ಹೋಗಿ: ಜನವಸತಿ ಸಭೆಯಲ್ಲಿ ಬೇಡಿಕೆ ಬರೆಸಿ, ವಾರ್ಡ್ ಸಭೆಯ ಆದ್ಯತಾ ಪಟ್ಟಿಗೆ ಸೇರಿಸಿ, ಆ ಪಟ್ಟಿಯ ಪ್ರತಿ ಹಿಡಿದು ಗ್ರಾಮಸಭೆಗೆ ಬನ್ನಿ. ವಾರ್ಡ್ ಸಭೆಗೆ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅಷ್ಟು ಕೋರಂ, ಅಂದರೆ ಕನಿಷ್ಠ ಹಾಜರಿ. ಬಂದವರಲ್ಲಿ ನೂರಕ್ಕೆ 30 ಹೆಂಗಸರಿರಬೇಕು, ಪರಿಶಿಷ್ಟ ಜಾತಿ, ಪಂಗಡದವರು ಅವರ ಜನಸಂಖ್ಯೆಯ ಪ್ರಮಾಣದಲ್ಲಿ ಇರಬೇಕು. ಕೋರಂ ಇಲ್ಲದ ಸಭೆಯ ಠರಾವನ್ನು ಯಾರು ಬೇಕಾದರೂ ಪ್ರಶ್ನಿಸಬಹುದು. ಆದ್ದರಿಂದ ಸಹಿ ಪುಸ್ತಕದಲ್ಲಿ ಕಾಲೊನಿಯ ಹೆಸರೂ ಬರೆಯಿಸಿ.

ಪೈಪ್ ಅರಣ್ಯಭೂಮಿಯಲ್ಲಿ ಹಾದುಹೋಗುವುದಾದರೆ ದಾರಿ ಬೇರೆ. ‘ಅರಣ್ಯ ಇಲಾಖೆ ಬಿಡುವುದಿಲ್ಲ’ ಎಂದು ಫೈಲು ಮುಚ್ಚುವುದು ಇಲ್ಲಿಯೇ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು 13 ಬಗೆಯ ಸೌಲಭ್ಯಗಳಿಗೆ ಅರಣ್ಯಭೂಮಿ ಬಳಸಲು ಅವಕಾಶ ಕೊಡುತ್ತದೆ. ಕುಡಿಯುವ ನೀರಿನ ಪೈಪ್, ರಸ್ತೆ, ವಿದ್ಯುತ್ ಲೈನ್, ಅಂಗನವಾಡಿ, ಶಾಲೆ, ಸಮುದಾಯ ಭವನ ಅದರಲ್ಲಿ ಸೇರಿವೆ. ಷರತ್ತು ಮೂರು: ಒಂದೊಂದು ಕೆಲಸಕ್ಕೂ ಒಂದು ಹೆಕ್ಟೇರ್‌ಗಿಂತ ಕಡಿಮೆ ಜಾಗ, ಹೆಕ್ಟೇರ್‌ಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕು. ನಮ್ಮ 600 ಮೀಟರ್ ಪೈಪಿಗೆ ಒಂದು ಮೀಟರ್ ಅಗಲ ಹಿಡಿದರೂ 0.06 ಹೆಕ್ಟೇರ್, ಅಂದರೆ ಸುಮಾರು ಆರು ಗುಂಟೆ. ಒಂದು ಮರವನ್ನೂ ಕಡಿಯಬೇಕಿಲ್ಲ.

ಈ ಕಾಯ್ದೆಯಡಿ ಸಭೆ ಕಾಲೊನಿಯ ಮಟ್ಟದಲ್ಲೇ ನಡೆಯಬೇಕು. ಇಡೀ ಪಂಚಾಯಿತಿಯ ಗ್ರಾಮಸಭೆಯೊಳಗೆ ಇದನ್ನು ತುರುಕಿದರೆ ಕಾಲೊನಿಯವರ ದನಿ ಮುಳುಗುತ್ತದೆ. ಕೋರಂ ವಯಸ್ಕರಲ್ಲಿ ಅರ್ಧ; ಹಾಜರಿದ್ದವರಲ್ಲಿ ಮೂರನೇ ಒಂದು ಭಾಗ ಹೆಂಗಸರು. 120 ವಯಸ್ಕರಿದ್ದರೆ 60 ಸಹಿ ಬೇಕು, ಆ 60ರಲ್ಲಿ 20 ಹೆಂಗಸರದು. ಠರಾವಿನಲ್ಲಿ ಸರ್ವೆ ನಂಬರ್, ಪೈಪಿನ ಉದ್ದ, ಅಗಲ, ಆಳ, ಮರಗಳ ಲೆಕ್ಕ, ಎಷ್ಟು ಮನೆಗೆ ಉಪಯೋಗ ಎಂಬುದು ಇರಬೇಕು. ‘ನೀರಿನ ವ್ಯವಸ್ಥೆ ಮಾಡಿಕೊಡಲು ತೀರ್ಮಾನಿಸಲಾಯಿತು’ ಎಂಬ ಒಂದು ಸಾಲಿನ ಠರಾವು ಹೋದ ದಾರಿಯಲ್ಲೇ ತಿರುಗಿ ಬರುತ್ತದೆ. ಅರ್ಜಿಯನ್ನು ಪಂಚಾಯಿತಿ ಅಥವಾ ಸಂಬಂಧಪಟ್ಟ ಇಲಾಖೆ ವಲಯ ಅರಣ್ಯಾಧಿಕಾರಿಗೆ ಕೊಡಬೇಕು. ಅವರು ಸ್ಥಳ ನೋಡಿ ವರದಿ ಕಳಿಸಿದ ಮೇಲೆ ಉಪ ಅರಣ್ಯ ಸಂರಕ್ಷಣಾಧಿಕಾರಿ ಒಪ್ಪಿಗೆ ಕೊಡುತ್ತಾರೆ. ಅವರು ಒಪ್ಪದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಮಟ್ಟದ ಸಮಿತಿಯದೇ ಕೊನೆಯ ಮಾತು.

ಬರೆದ ಠರಾವನ್ನು ಸಹಿಗೆ ಮೊದಲು ಗಟ್ಟಿಯಾಗಿ ಓದಿಸಿ, ಅವರ ಮಾತಿನಲ್ಲಿ ಇನ್ನೊಮ್ಮೆ ಹೇಳಿಸಿ. ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡು ‘ಆಮೇಲೆ ತುಂಬ್ತೀವಿ’ ಎನ್ನುವವರ ಕೈಗೆ ಪುಸ್ತಕ ಕೊಡಬೇಡಿ. ಅಲ್ಲೇ ಮೊಬೈಲ್‌ನಲ್ಲಿ ಪ್ರತಿ ಪುಟದ ಫೋಟೊ ತೆಗೆದು ಕಾಲೊನಿಯ ಮೂವರ ಬಳಿ ಇಡಿ. ನಕಲು ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಲೇಬೇಕು.

ಲೈನ್ ಮನೆಗಳ ವಿಷಯ ಇನ್ನೂ ಸೂಕ್ಷ್ಮ. ಅದು ಖಾಸಗಿ ಜಾಗ ಎಂದು ಪಂಚಾಯಿತಿ ಕೈ ತೊಳೆದುಕೊಳ್ಳುತ್ತದೆ. ಕಾರ್ಮಿಕರಿಗೆ ಕುಡಿಯುವ ನೀರು ಒದಗಿಸುವ ಹೊಣೆಯನ್ನು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಕಾನೂನು ಹೊರಿಸಿರುವುದು ತೋಟದ ಮಾಲೀಕರ ಮೇಲೆ. ಆದರೆ ಬಾಯಿ ಬಿಟ್ಟರೆ ಮನೆ ಖಾಲಿ ಮಾಡಬೇಕಾದೀತು ಎಂಬ ಭಯ ಸುಳ್ಳಲ್ಲ. ಇಲ್ಲಿ ಒಬ್ಬರ ಹೆಸರಿನಲ್ಲಿ ಅರ್ಜಿ ಬೇಡ, ನಾಲ್ಕೈದು ತೋಟಗಳ ಲೈನಿನವರು ಸೇರಿ ಒಂದೇ ಮನವಿ ಕೊಡಲಿ. ಸಭೆಯನ್ನು ತೋಟದ ಲೆಕ್ಕ ಬರೆಯುವ ರೈಟರ್, ಮೇಸ್ತ್ರಿ ಕಣ್ಣಿನಿಂದ ದೂರ, ಶಾಲೆಯ ಅಂಗಳದಲ್ಲಿ ಮಾಡಿ. ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕುವ ಉತ್ಸಾಹ ಇದೊಂದು ಕಡೆ ಬೇಡ.

ದುಡ್ಡು, ಶ್ರಮ, ಬೀಗದ ಕೈ

ಜಲ ಜೀವನ್ ಮಿಷನ್‌ನಲ್ಲಿ ಊರಿನ ವಂತಿಕೆ ಸಾಮಾನ್ಯ ಹಳ್ಳಿಗೆ ವೆಚ್ಚದ ನೂರಕ್ಕೆ ಹತ್ತು. ಗುಡ್ಡಗಾಡು, ಅರಣ್ಯ ಪ್ರದೇಶಕ್ಕೆ ಹಾಗೂ ಪರಿಶಿಷ್ಟರು ಅರ್ಧಕ್ಕಿಂತ ಹೆಚ್ಚಿರುವ ಹಳ್ಳಿಗೆ ನೂರಕ್ಕೆ ಐದು. ಇದನ್ನು ಶ್ರಮದಾನದ ರೂಪದಲ್ಲೂ ಕೊಡಬಹುದು. ಹಾಗೆ ಕೊಡುವಾಗ ಬಿಟ್ಟಿ ಚಾಕರಿ ಆಗದಂತೆ ನೋಡಿಕೊಳ್ಳಿ. ಮೇಲಿನ ಕೇರಿಯವರು ದುಡ್ಡು ಕೊಟ್ಟು, ಕೆಳಗಿನ ಕೇರಿಯವರು ಮಣ್ಣು ಅಗೆದು, ನಲ್ಲಿ ಮೇಲಿನ ಕೇರಿಗೇ ಹೋಗಿ ನಿಲ್ಲುವುದು ಹೊಸದೇನಲ್ಲ. ಒಂದು ದಿನದ ಕೆಲಸಕ್ಕೆ ಆ ದಿನದ ತೋಟದ ಕೂಲಿಯಷ್ಟೇ ಬೆಲೆ ಕಟ್ಟಿ, ಮನೆವಾರು ಪುಸ್ತಕದಲ್ಲಿ ಬರೆಯಿರಿ. ಒಬ್ಬಂಟಿ ಅಜ್ಜಿ, ಅಂಗವಿಕಲರಿರುವ ಮನೆಗೆ ವಿನಾಯಿತಿ ಕೊಡುವುದನ್ನು ಸಭೆಯೇ ತೀರ್ಮಾನಿಸಲಿ.

ಈ ಮಿಷನ್‌ನಡಿ ಊರಿನ ನೀರು ನೋಡಿಕೊಳ್ಳುವ ನೀರು ಸಮಿತಿಯಲ್ಲಿ 10ರಿಂದ 15 ಜನ. ಅರ್ಧದಷ್ಟು ಹೆಂಗಸರು, ಚುನಾಯಿತರು ನೂರಕ್ಕೆ 25 ಮೀರಬಾರದು, ದುರ್ಬಲ ವರ್ಗದವರಿಗೆ ನೂರಕ್ಕೆ 25. ಕಾಟಾಚಾರಕ್ಕೆ ಹೆಸರು ತುಂಬಿದರೆ ಸದಸ್ಯೆಯ ಗಂಡ ಬಂದು ಸಹಿ ಹಾಕುತ್ತಾನೆ. ಬ್ಯಾಂಕ್ ಖಾತೆಗೆ ಕಾಲೊನಿಯ ಒಬ್ಬ ಹೆಂಗಸಿನ ಸಹಿ ಕಡ್ಡಾಯ ಮಾಡಿ, ಪಾಸ್‌ಬುಕ್ ತಿಂಗಳಿಗೊಮ್ಮೆ ಎಲ್ಲರೆದುರು ಓದಿ.

ನೀರು ಬಿಡುವ ನೀರುಗಂಟಿ ಕಾಲೊನಿಯವರೇ ಇರಲಿ. ಮನೆಗೆ ತಿಂಗಳಿಗೆ 50 ರೂಪಾಯಿಯಂತೆ 40 ಮನೆಗೆ 2,000 ರೂಪಾಯಿ ಆಗುತ್ತದೆ. ಅದರಲ್ಲಿ ಒಂದಷ್ಟು ಅವರ ಗೌರವಧನ, ಉಳಿದದ್ದು ವಾಷರ್, ಸಾಕೆಟ್, ಬ್ಲೀಚಿಂಗ್ ಪುಡಿಗೆ. 1,000 ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ 5,000 ಲೀಟರ್ ತೊಟ್ಟಿಗೆ 12.5 ಗ್ರಾಂ ಪುಡಿ. ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿಸಿ, ಒಂದು ಮುಚ್ಚಳದಲ್ಲಿ ಗುರುತು ಮಾಡಿಟ್ಟುಕೊಂಡರೆ ದಿನಾ ತೂಗಬೇಕಿಲ್ಲ. ಬಕೆಟ್‌ನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ತೊಟ್ಟಿಗೆ ಹೊಯ್ಯಬೇಕು. ಅರ್ಧ ಗಂಟೆ ಬಿಟ್ಟು ನಲ್ಲಿ ತೆರೆಯಿರಿ. ಮಲೆನಾಡಿನ ಮಳೆಗಾಲದ ತೇವಕ್ಕೆ ತೆರೆದ ಚೀಲದ ಪುಡಿ ಬೇಗ ಸತ್ವ ಕಳೆದುಕೊಳ್ಳುತ್ತದೆ. 25 ಕೆ.ಜಿ. ಚೀಲದ ಬದಲು ಸಣ್ಣ ಪ್ಯಾಕೆಟ್ ತಂದು ಗಾಳಿಯಾಡದ ಡಬ್ಬಿಯಲ್ಲಿಡಿ.

ತೊಟ್ಟಿಯ ವಾಲ್ವ್‌ಗೆ ಹಾಕುವ ಬೀಗಕ್ಕೆ ಎರಡು ಕೈ ಬರುತ್ತವೆ. ಒಂದು ನೀರುಗಂಟಿಯ ಸೊಂಟದಲ್ಲಿ, ಇನ್ನೊಂದು ನಕ್ಷೆಯಲ್ಲಿ ಆ ಕೊನೆಯ ಒರತೆಯನ್ನು ತೋರಿಸಿದ ಹೆಂಗಸರ ಮನೆಯಲ್ಲಿ ಇರಲಿ. ಪಂಚಾಯಿತಿ ಕಚೇರಿಯ ಮೊಳೆಗೆ ಮೂರನೆಯದು ಮಾಡಿಸಬೇಡಿ.