ಕಸೂತಿ ಹಾಕುವವರ ಕೈಗೆ ಏನು ಕೊಡಬೇಕು

ಕಸೂತಿ ಹಾಕುವವರಿಗೆ ಕಸೂತಿ ಹಾಕಿದ್ದನ್ನೇ ಉಡುಗೊರೆ ಕೊಡುವುದೆಂದರೆ ಧಾರವಾಡದವರ ಮನೆಗೆ ಫೇಡೆ ಒಯ್ದ ಹಾಗೆ. ಕೈಗೆ ಬಂದ ಕೂಡಲೇ ತಿರುವಿ ಹಿಂದಿನ ಮಗ್ಗಲು ನೋಡುತ್ತಾರೆ. ಕಸೂತಿಯಲ್ಲಿ ಗಂಟು ಇರಕೂಡದು, ಕಂಡರೆ ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ಅಷ್ಟೇ. ಅವರಿಗೆ ಬೇಕಾದದ್ದು ದಿನಾ ಕೆಲಸಕ್ಕೆ ಬರುವ ಸಾಮಾನು, ಅದರಲ್ಲೂ ಸೂಜಿ ಇಡಲು ಒಂದು ಜಾಗ. ಸೂಜಿಯನ್ನು ಕ್ಯಾಲೆಂಡರಿಗೋ ಸೆರಗಿಗೋ ಚುಚ್ಚಿ ಮರೆಯುವುದು ಎಲ್ಲ ಮನೆಯ ಕಥೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಅದಕ್ಕೆ ತುಕ್ಕು ಹಿಡಿಯಲು ತಡವಿಲ್ಲ, ಆ ತುಕ್ಕು ಬಿಳಿ ಮ್ಯಾಟಿಗೆ, ಅಂದರೆ ಎಳೆ ಎಣಿಸಿ ಕಸೂತಿ ಹಾಕುವ ಬಟ್ಟೆಗೆ, ಇಳಿದರೆ ಕಲೆ ತೆಗೆಯುವುದು ಬಹಳ ಕಷ್ಟ.

ಆದ್ದರಿಂದ ಸೂಜಿ ಪುಸ್ತಕ, ಅಂದರೆ ಸೂಜಿ ಚುಚ್ಚಿಡುವ ಬಟ್ಟೆಯ ಪುಟ್ಟ ಪುಸ್ತಕ, ಮಾಡಿಕೊಡಿ. ಹೊದಿಕೆಗೆ ಅರಿವಿ ಹುಡುಕಬೇಕಿಲ್ಲ. ಉಡಿ ತುಂಬಿದಾಗ ಬಂದ ಖಣಗಳು ಟ್ರಂಕಿನಲ್ಲಿ ಬಿದ್ದೇ ಇರುತ್ತವೆ. ಆದರೆ ಖಣವನ್ನು ಹಾಗೇ ಕತ್ತರಿಸಬೇಡಿ, ಅಂಚಿನ ಎಳೆ ಬಿಚ್ಚಿಕೊಂಡು ಅರ್ಧ ಇಂಚು ಹಾಳಾಗುತ್ತದೆ. ದರ್ಜಿಗಳು ಕಾಲರಿಗೆ ಹಾಕುವ ತೆಳು ಪೇಸ್ಟಿಂಗ್ ಕ್ಯಾನ್ವಾಸನ್ನು 9½ × 5½ ಇಂಚಿಗೆ ಕತ್ತರಿಸಿ, ಮೊದಲು ಅದನ್ನು ಖಣದ ಹಿಂಭಾಗಕ್ಕೆ ಇಸ್ತ್ರಿಯಿಂದ ಅಂಟಿಸಿ, ಆಮೇಲೆ ಅದರ ಅಂಚಿಗೇ ಕತ್ತರಿ ಹಾಕಿ. ಇಸ್ತ್ರಿಗೆ ಮುಂಚೆ ಖಣದ ಒಂದು ಎಳೆ ಸುಟ್ಟು ನೋಡಿ. ಬೂದಿಯಾದರೆ ಹತ್ತಿ, ಕರಗಿ ಮಣಿಯಾದರೆ ಪಾಲಿಯೆಸ್ಟರ್. ಪಾಲಿಯೆಸ್ಟರಾದರೆ ಮೇಲೆ ಹತ್ತಿ ಬಟ್ಟೆ ಹಾಸಿ ಕಡಿಮೆ ಕಾವಿನಲ್ಲಿ ಒತ್ತಿ, ತಿಕ್ಕಬೇಡಿ.

ಒಳಮೈಗೆ ಅದೇ ಅಳತೆಯ ಖಾದಿ ಸಾಕು. ಎರಡರ ಮುಖ ಒಳಗೆ ಬರುವಂತೆ ಜೋಡಿಸಿ, ಒಂದು ಗಿಡ್ಡ ಬದಿಯಲ್ಲಿ ದಾರದ ಉಂಗುರ ಸಿಕ್ಕಿಸಿ, ಸುತ್ತಲೂ ಕಾಲಿಂಚು ಬಿಟ್ಟು ಹೊಲಿಯಿರಿ. ಕೆಳಗೆ 3 ಇಂಚು ತೆರವು ಬಿಡಿ. ಮೂಲೆಗಳನ್ನು ಓರೆಯಾಗಿ ಕತ್ತರಿಸಿ ತಿರುವಿದರೆ 9 × 5 ಇಂಚಿನ ಹೊದಿಕೆ, ಮಡಚಿದರೆ 4½ × 5. ತೆರವು ಮುಚ್ಚಿ, ಉಂಗುರದ ಎದುರಿಗೆ ಗುಂಡಿ ಹಚ್ಚಿ.

ಒಳಪುಟಕ್ಕೆ ಕುರಿ ಉಣ್ಣೆಯ ಕಂಬಳಿಯ ತುಂಡು ಬೇಕು. ರಾಣೆಬೆನ್ನೂರು ಕಡೆಯ ಮನೆಗಳಲ್ಲಿ ಹಳೆಯ ಕಂಬಳಿ ಸಿಗುವುದು ಕಷ್ಟವಲ್ಲ. ಉಣ್ಣೆಯಲ್ಲಿ ಉಳಿದ ಜಿಡ್ಡು ಸೂಜಿಗೆ ಒಳ್ಳೆಯದು, ಅರಳೆಯಾದರೆ ತೇವವನ್ನು ಹಿಡಿದಿಟ್ಟು ತುಕ್ಕು ತರುತ್ತದೆ. ಹೊಸ ಕಂಬಳಿಯಾದರೆ ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ ಹಿಂಡಿ. ಅದಕ್ಕೆ ಹಾಕಿದ ಹುಣಸೆಬೀಜದ ಗಂಜಿ ಹೋಗದಿದ್ದರೆ ಸೂಜಿ ಸಲೀಸಾಗಿ ಇಳಿಯುವುದಿಲ್ಲ, ಹುಳವೂ ಬರುತ್ತದೆ. ಒಣಗಿದ ಮೇಲೆ ಒಂದು ಪುಟ 8 × 4, ಇನ್ನೊಂದು 7½ × 3½ ಇಂಚಿಗೆ ಕತ್ತರಿಸಿ, ಅಂಚಿಗೆ ಕಾಜಾ ಹೊಲಿಗೆ ಹಾಕಿ. ಹೊದಿಕೆಯಷ್ಟೇ ಅಳತೆಗೆ ಕತ್ತರಿಸಿದರೆ ಕಂಬಳಿ ದಪ್ಪವಿರುವುದರಿಂದ ಮಡಚಿದಾಗ ಪುಟಗಳು ಹೊರಗೆ ಚಾಚುತ್ತವೆ. ದೊಡ್ಡದರ ಮೇಲೆ ಚಿಕ್ಕದನ್ನಿಟ್ಟು ಹೊದಿಕೆಯ ಒಳಮೈಯ ನಡುಗೆರೆಗೆ ಎರಡೆಳೆ ದಾರದಲ್ಲಿ ಗಟ್ಟಿಯಾಗಿ ಹೊಲಿದರೆ ಮುಗಿಯಿತು. ಪ್ರತಿ ಪುಟದ ಮೂಲೆಯಲ್ಲಿ ಸೂಜಿಯ ನಂಬರನ್ನು ಸರಪಳಿ ಹೊಲಿಗೆಯಲ್ಲಿ ಬರೆದರೆ ಇನ್ನೂ ಚೆಂದ.

ಖಾಲಿ ಪುಸ್ತಕ ಕೊಡಬಾರದು. ಇಂಚಿಗೆ 14 ಮನೆಯ (ಎಣಿಸುವ ಚೌಕದ) ಮ್ಯಾಟಿಗೆ 24 ನಂಬರಿನ ಮೊಂಡು ಮೂತಿಯ ಸೂಜಿ, 18 ಮನೆಯದಕ್ಕೆ 26. ಮೊಂಡು ಯಾಕೆಂದರೆ, ಗವಂತಿಯಲ್ಲಿ, ಅಂದರೆ ಎರಡೂ ಮಗ್ಗಲು ಒಂದೇ ಥರ ಕಾಣುವ ಕಸೂತಿ ಹೊಲಿಗೆಯಲ್ಲಿ, ಹೋಗುವಾಗ ಒಂದು ಬಿಟ್ಟು ಒಂದು ಹೊಲಿದು, ಬರುವಾಗ ಅದೇ ತೂತುಗಳಲ್ಲಿ ಇಳಿದು ಬಿಟ್ಟದ್ದನ್ನು ತುಂಬುತ್ತೇವೆ. ಚೂಪು ಸೂಜಿ ಮೊದಲು ಹಾಕಿದ ದಾರವನ್ನೇ ಸೀಳುತ್ತದೆ, ಗೆರೆ ಉಬ್ಬುತಗ್ಗಾಗುತ್ತದೆ, ತಪ್ಪಾದರೆ ಬಿಚ್ಚಲೂ ಬರುವುದಿಲ್ಲ. ಇಳಕಲ್ ಸೀರೆಯಂಥ ಒತ್ತು ನೇಯ್ಗೆಗೆ ಮಾತ್ರ 9 ಅಥವಾ 10ರ ಚೂಪು ಸೂಜಿ.

ದಾರದ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ, ಕೈತುಂಬ ಕೊಳ್ಳುತ್ತಾರೆ. ಆರೆಳೆಯ 8 ಮೀಟರ್ ಲಡಿಯನ್ನು ಎರಡೆರಡು ಎಳೆ ಮಾಡಿದರೆ 24 ಮೀಟರ್ ಸಿಗುತ್ತದೆ. 14 ಮನೆಯ ಮ್ಯಾಟಿಯಲ್ಲಿ ಗವಂತಿಯ ಸಾವಿರ ಮನೆಗೆ ಹಿಂದೆಮುಂದೆ ಸೇರಿ ಸುಮಾರು 3.6 ಮೀಟರ್, ಪೋಲಾಗುವುದನ್ನೂ ಕೂಡಿಸಿ 5 ಮೀಟರ್ ಹಿಡಿಯಿರಿ. ಅಂದರೆ ಬಣ್ಣಕ್ಕೆ ಒಂದು ಲಡಿ ಸಾಕು. ಮುಖ್ಯ ಬಣ್ಣದ್ದು ಮಾತ್ರ ಎರಡನ್ನು ಒಟ್ಟಿಗೇ ತನ್ನಿ, ಬೇರೆ ಸಲ ಬಣ್ಣ ಹಾಕಿದ್ದಾದರೆ ಬಣ್ಣ ಒಂದು ಛಾಯೆ ಬದಲಾಗಬಹುದು. ಮಿಂಚುವ ರೇಯಾನ್ ದಾರ ಕೊಡಬೇಡಿ, ಗಂಟಿಲ್ಲದ ಹೊಲಿಗೆಯಲ್ಲಿ ತುದಿ ಜಾರಿ ಬರುತ್ತದೆ. ಒಮ್ಮೆಗೆ ಒಂದು ಮೊಳದಷ್ಟೇ ಪೋಣಿಸಬೇಕೆಂದು ಕಸೂತಿ ಹಾಕುವವರಿಗೆ ಹೇಳಿಕೊಡುವುದು ಬೇಡ, ಕಲಿಯುತ್ತಿರುವ ಹುಡುಗಿಗಾದರೆ ಹೇಳಿ.

ಸೂಜಿದಿಂಬು ಮಾಡುವವರು ಒಳಗೆ ಅಕ್ಕಿ, ರಾಗಿ ತುಂಬಬೇಡಿ, ನುಸಿ ಬೀಳುತ್ತದೆ. ಕಂಬಳಿಯ ಚೂರುಗಳನ್ನೇ ಒತ್ತಿ ತುಂಬಿ.

ಕೌದಿ ಹೊಲಿಯುವ ಹಿರಿಯರಿದ್ದರೆ ಅವರಿಗೆ ತುಂಡುಗಳ ಕಟ್ಟು ಕೊಡಿ. 4½ ಇಂಚಿನ ಚೌಕ ಹೊಲಿದ ಮೇಲೆ 4 ಇಂಚಾಗುತ್ತದೆ. ಅಡ್ಡಕ್ಕೆ 9, ಉದ್ದಕ್ಕೆ 12 ಇಟ್ಟರೆ 3 × 4 ಅಡಿಯ ಕೂಸಿನ ಕೌದಿ, ಒಟ್ಟು 108 ಚೌಕ. ಲೆಕ್ಕವೂ ಶುಭ. ಹಳೆಯ ಹತ್ತಿ ಸೀರೆಯವೇ ಇರಲಿ. ನೈಲಾನಿನ ನೈಲೆಕ್ಸ್ ಬಟ್ಟೆಯ ಒಂದು ತುಂಡು ಸೇರಿದರೂ ಪಕ್ಕದ್ದನ್ನು ಜಗ್ಗಿ ಸುಕ್ಕು ಮಾಡುತ್ತದೆ. ಸೀರೆ ಸವೆದು ಜಾಳಾದ ಕಡೆ ಬಿಟ್ಟು, ಸೆರಗಿನ ಹತ್ತಿರದ ಗಟ್ಟಿ ಜಾಗದಿಂದ ಕತ್ತರಿಸಿ.

ಇನ್ನೊಂದು ಉಡುಗೊರೆಗೆ ಹೊಲಿಗೆಯೇ ಬೇಡ: ಒಂದು ಗಜ ದಪ್ಪ ಬಿಳಿ ಬಟ್ಟೆ, ಅಂಚು ಮಡಚಿದ್ದು. ಚಂದ್ರಕಾಳಿ ಸೀರೆಯ ಕಪ್ಪಿನಲ್ಲಿ ಎಳೆ ಎಣಿಸುವಾಗ ಕಣ್ಣು ಸೋಲುತ್ತದೆ. ತೊಡೆಯ ಮೇಲೆ ಬಿಳಿ ಅರಿವಿ ಹಾಸಿ ಅದರ ಮೇಲೆ ಸೀರೆ ಇಟ್ಟು, ಹಗಲು ಕಿಟಕಿಯ ಹತ್ತಿರ ಕೂತರೆ ಎಳೆಗಳ ನಡುವಿನ ತೂತು ಬೆಳ್ಳಗೆ ಎದ್ದು ಕಾಣುತ್ತದೆ.